ಗೊತ್ತಿಲ್ಲದ ಕೆಂಪು

ಮಳವಳ್ಳಿ
೧೯ ಸೆಪ್ಟೆಂಬರ್ ೨೦೨೪

ಶೋಭಿ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀಯ ಎಂದು ಮೊದಲು ಕೇಳಬೇಕು, ಅದು ಪದ್ಧತಿ. ನನ್ನ ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಆಮೇಲೆ ಕೇಳುತ್ತೇನೆ.

ನಿನ್ನೆ ನಿಮ್ಮ ಗಾರ್ಮೆಂಟ್ಸ್‌ನಿಂದ ಬಂದ ಬಂಡಲಿನ ಚೀಟಿಯಲ್ಲಿ ನಿನ್ನ ಸಹಿ ಕಂಡಿತು. ‘ಶೋ’ ಬರೆದು ಅದರ ಬಾಲವನ್ನು ಅಷ್ಟುದ್ದ ಕೆಳಗೆ ಎಳೆಯುವವಳು ಈ ಜಿಲ್ಲೆಯಲ್ಲಿ ನೀನೊಬ್ಬಳೇ. ಹಾಗಾದರೆ ಹೊರಗಿನ ಯೂನಿಟ್‌ಗಳ ಚೆಕ್ಕಿಂಗ್ ಈಗ ನಿನ್ನದು. ಹನ್ನೊಂದು ವರ್ಷ ಮದ್ದೂರಿನ ಆ ಲೈನಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ನಾನು ಕತ್ತು ಹೊಲಿದರೆ ನೀನು ತೋಳು ಕೂಡಿಸುತ್ತಿದ್ದೆ. ಈಗ ನಾನು ಹೊಲಿದದ್ದನ್ನು ನೀನು ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತೀಯ. ಜೊತೆಯವಳೇ ಅತ್ತೆಯಾಗಿ ಬಂದಂತಾಯಿತು ನನ್ನ ಪಾಡು.

ಫೋನ್ ಮಾಡೋಣವೆಂದಿದ್ದೆ. ಟೆಂಪೋ ಸಿದ್ದೇಶ್ ತಡೆದ. “ಬ್ಯಾಡ ಕಣಕ್ಕ. ಚೆಕ್ಕಿಂಗ್‌ನೋರು ವರ್ಗಿನ್ ಯೂನಿಟ್‌ನೋರ್ ತಾವ ಮಾತಾಡಂಗಿಲ್ಲ ಅಂತ ಸೈನ್ ಆಕಿಸ್ಕೊಂಡವ್ರೆ. ಪೋನ್ ಈಸ್ಕೊಂಡು ನೋಡ್ತರೆ” ಎಂದ. ಅದಕ್ಕೇ ಈ ಕಾಗದ. ಬಟ್ಟೆಯ ಜೊತೆ ಬರುತ್ತಿದೆ.

ನನ್ನ ಯೂನಿಟ್ ನೀನು ನೋಡಿಲ್ಲ. ಮಾವ ರೇಷ್ಮೆಹುಳ ಸಾಕುತ್ತಿದ್ದ ಮನೆಯೇ ಈಗ ನಮ್ಮ ಶೆಡ್ಡು. ಹದಿನೆಂಟು ಮಿಷನ್ನು, ನನ್ನನ್ನೂ ಸೇರಿಸಿ ಹತ್ತೊಂಬತ್ತು ಹೆಂಗಸರು. ಪಕ್ಕದ ಬ್ಲಫ್‌ನ ಪವರ್‌ಹೌಸಿನಲ್ಲಿ ಕರೆಂಟು ಹುಟ್ಟಿ ನೂರು ವರ್ಷದ ಮೇಲಾಯಿತು, ನಮ್ಮ ಶೆಡ್ಡಿಗೆ ಅದು ಇನ್ನೂ ನೆಂಟರ ಹಾಗೆ ಬಂದು ಹೋಗುತ್ತದೆ. ನಿಮ್ಮ ಕಂಪನಿ ಹಳೇ ಮಿಷನ್ನುಗಳನ್ನು ಹರಾಜು ಹಾಕಿದಾಗ ನಮ್ಮೆಜಮಾನರು ಶಿವರಾಮು ಹೋಗಿ ತಂದರು. ಅದರಲ್ಲಿ ಒಂದು ನಿನ್ನದು, ಏಳನೇ ನಂಬರಿನದು. ಅದರ ಮೇಜಿನ ಅಡಿಗೆ ನೀನು ದಿನಾ ಅಂಟಿಸುತ್ತಿದ್ದ ಬಿಂದಿಗಳು ಹಾಗೇ ಇವೆ. ಕಿತ್ತಿಲ್ಲ.

ಆಯುಧಪೂಜೆಗೆ ಬಾ. ನಮ್ಮ ಮನೆಯಲ್ಲಿ ಪೂಜೆ ಇಲ್ಲ, ನಿನಗೆ ಗೊತ್ತು. ಮಾವ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷವೇ ಕುಂಕುಮದ ಬಟ್ಟಲೂ ಹೋಯಿತು. ಆದರೆ ಕೆಲಸದ ಹೆಂಗಸರು ತಮ್ಮ ತಮ್ಮ ಮಿಷನ್ನಿಗೆ ಹೂವಿಟ್ಟು ಪುರಿ ಹಂಚುತ್ತಾರೆ. ಮಾವ ಬೇಡವೆನ್ನುವುದಿಲ್ಲ, ಪುರಿ ಮಾತ್ರ ಕೇಳಿ ತಿನ್ನುತ್ತಾರೆ.

ಹೇಗಿದ್ದೀಯ?

ಶಶಿರೇಖಾ


ಮದ್ದೂರು
೨೬ ಸೆಪ್ಟೆಂಬರ್ ೨೦೨೪

ಶಶಿ,

ನಿನ್ನ ಕಾಗದವನ್ನು ಟಾಯ್ಲೆಟ್ಟಿನಲ್ಲಿ ನಿಂತು ಓದಿದೆ, ಇನ್ನೆಲ್ಲೂ ಜಾಗವಿರಲಿಲ್ಲ. ಅಳುವುದಕ್ಕೂ ಅದೇ ಜಾಗ.

ಇನ್ನು ಮುಂದೆ ಬರೆದರೆ ಏಳನೇ ಮಿಷನ್ನಿನ ಬಟ್ಟೆ ಕಟ್ಟುವ ಏಳನೇ ಬಂಡಲಿನೊಳಗೆ ಮಡಿಸಿ ಇಡು. ಅದನ್ನು ನಾನೇ ಬಿಚ್ಚುತ್ತೇನೆ. ಚೀಟಿಯ ಮೇಲೆ ಏನೂ ಗೀಚಬೇಡ.

ಇಲ್ಲಿ ನಿನ್ನ ಹೆಸರು ಶಶಿರೇಖಾ ಅಲ್ಲ, ಹನ್ನೊಂದು. ಹೊರಗಿನ ಯೂನಿಟ್‌ಗಳಿಗೆಲ್ಲ ನಂಬರು. “ಹನ್ನೊಂದರ ಕತ್ತಿನ ಹೊಲಿಗೆ ಚೆನ್ನಾಗಿದೆ ಕಣ್ರೀ” ಎಂದು ಮೇನೇಜರ್ ಸಂತೋಷ್ ಸರ್ ಹೇಳಿದಾಗ ನನಗೆ ಒಳಗೊಳಗೇ ಹೆಮ್ಮೆ. ನೀವು ಹೊಲಿಯುತ್ತಿರುವ ಬಿಳಿ ಅಂಗಿಗಳು ಯುರೋಪಿನ ಅಂಗಡಿಗಳಿಗೆ ಹೋಗುತ್ತವೆ. ಆಗತಾನೇ ಹುಟ್ಟಿದ ಮಕ್ಕಳಿಗೆ. ಕತ್ತಿನ ಪಟ್ಟಿಯನ್ನು ಕೂಸು ಚೀಪುತ್ತದೆ ಎಂದು ಅದಕ್ಕೇ ಹತ್ತು ಪರೀಕ್ಷೆ.

ನಾನು ಹೊರಗಿನ ಯೂನಿಟ್‌ನವರ ಮನೆಯಲ್ಲಿ ಒಂದು ಲೋಟ ಟೀ ಕುಡಿದರೂ ಲಂಚದ ಲೆಕ್ಕ. ಹಾಗೆಂದು ಬರೆಸಿಕೊಂಡಿದ್ದಾರೆ. ಆದರೂ ಬರುತ್ತೇನೆ.

ಮೂರು ವರ್ಷದ ಹಿಂದೆ ಇಬ್ಬರೂ ಸೇರಿ ಯೂನಿಟ್ ಮಾಡೋಣವೆಂದು ಒಪ್ಪಿ ಆಮೇಲೆ ಬರಲಿಲ್ಲವಲ್ಲ, ಆ ದಿನ ನಾನು ಮಳವಳ್ಳಿ ಬಸ್‌ಸ್ಟ್ಯಾಂಡಿನವರೆಗೂ ಬಂದಿದ್ದೆ. ನೀನು ಹಳದಿ ಸೀರೆ ಉಟ್ಟು ಹೂವಿನಂಗಡಿ ಹತ್ತಿರ ಕಾಯುತ್ತಿದ್ದೆ. ಸಾಲ, ಮಿಷನ್ನು, ಮಗಳ ಓದು ಎಲ್ಲ ಒಟ್ಟಿಗೆ ತಲೆಗೆ ಬಂದು, ಅದೇ ಬಸ್ಸು ಹತ್ತಿ ಹಿಂದಕ್ಕೆ ಹೋದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಿನ್ನ
ಶೋಭಿ


ಮಳವಳ್ಳಿ
೧೫ ಅಕ್ಟೋಬರ್ ೨೦೨೪

ಶೋಭಿ,

ನೀನು ಬಂದು ಹೋದ ಮೇಲೆ ಶೆಡ್ಡಿನಲ್ಲಿ ನಿನ್ನದೇ ಮಾತು. ನಮ್ಮತ್ತೆ ಪಟ್ಟಲಮ್ಮನವರು ಯಾರನ್ನೂ ಅಷ್ಟು ಸುಲಭಕ್ಕೆ ಮೆಚ್ಚುವವರಲ್ಲ. “ಒಳ್ಳೆ ಎಣ್ಮಗಳು ಕಣ್ ಸಸಿ. ಇಷ್ಟ್ ದಿನ ಯಾಕ್ ದೂರ ಮಡಗಿದ್ದೆ?” ಎಂದರು. ದೂರ ಇಟ್ಟವಳು ನಾನಂತೆ ನೋಡು.

ಸೆರಗಿನಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದು, “ಇದು ನನ್ನ ಮಿಷನ್ನು, ನಾನು ಕುಂಕುಮ ಇಡದೆ ಬಿಡಲ್ಲ” ಎಂದು ಹಟ ಹಿಡಿದೆಯಲ್ಲ, ಮಾವ ಏನನ್ನುತ್ತಾರೋ ಎಂದು ನನಗೆ ಪುಕುಪುಕು. ಅವರು ನಕ್ಕು, “ಅಚ್ಲಿ ಬುಡಮ್ಮ, ಅವಳ್ ಮಿಸನ್ನು ಅವಳ್ ಪಿರೀತಿ” ಎಂದರು. ನೀನು ಸೂಜಿ ಕೂರುವ ತಲೆಯ ಮೇಲೆ ಎಷ್ಟು ದಪ್ಪಗೆ ಹಚ್ಚಿದೆಯೆಂದರೆ ಮದುಮಗಳ ಹಣೆಗೂ ಅಷ್ಟು ಹಚ್ಚುವುದಿಲ್ಲ.

ನೀನು ಬಸ್ಸು ಹತ್ತಿದ ಅರ್ಧ ಗಂಟೆಗೆ ನಿಮ್ಮ ಆಫೀಸಿನಿಂದ ಫೋನು. ಹಡಗು ಮುಂಚೆ ಹೊರಡುತ್ತದೆ, ಉಳಿದ ಪೀಸುಗಳೆಲ್ಲ ನಾಳೆ ಶನಿವಾರ ಸಂಜೆಯೊಳಗೆ ಬೇಕು. ವಿಜಯದಶಮಿ ಸರ್, ಪೂಜೆ ಮಾಡಿದ ಮಿಷನ್ನು ಒಂದು ದಿನ ಸುಮ್ಮನಿರಬೇಕು ಎಂದೆ. ಹಡಗಿಗೆ ವಿಜಯದಶಮಿ ಇಲ್ಲ ಎಂದರು.

ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಮಿಷನ್ನಿನ ಕುಂಕುಮವನ್ನು ಕಣ್ಣಿಗೊತ್ತಿಕೊಂಡು ಒರೆಸಿದರು. ಏಳರಲ್ಲಿ ಕೂರುವ ಹೊಂಬಾಳಮ್ಮ ಮಾತ್ರ ಕೈಕಟ್ಟಿ ನಿಂತಳು. “ನಾ ಒರ್ಸಕಿಲ್ಲ. ಬಂದ ಮುತ್ತೈದೆ ಅಚ್ಚಿರದು. ನಾನ್ ಗಂಡ ಸತ್ತೋಳು, ಇನ್ನೊಬ್ಳ ಕುಂಕ್ಮ ನನ್ ಕೈಯಾಗೆ ಅಳ್ಸಾದಾ? ನೀನೇ ಒರ್ಸು ಕಣವ್ವ.” ನಾನು ಬಟ್ಟೆ ತೆಗೆದುಕೊಂಡೆ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ, ನಿಜ. ಆದರೆ ಮೂರು ವರ್ಷದ ಮೇಲೆ ನೀನು ನನ್ನ ಬಾಗಿಲಿಗೆ ಬಂದು ಹಚ್ಚಿದ್ದು. ನನಗೂ ಕೈ ಬರಲಿಲ್ಲ. ಹಾಗೇ ಹೊಲಿ ಎಂದೆ. ನಗಬೇಡ.

ಹೇಳಿದ ಹೊತ್ತಿಗೆ ಪೀಸು ಮುಗಿಸಿ ಟೆಂಪೋಗೆ ತುಂಬಿದೆವು. ನೋಡಿದೆಯಾ ನಮ್ಮ ಹನ್ನೊಂದರ ಗತ್ತು?

ನಿನ್ನ
ಶಶಿ


ಮದ್ದೂರು
೨೧ ನವೆಂಬರ್ ೨೦೨೪

ಶಶಿ,

ಇದನ್ನು ಒಬ್ಬಳೇ ಇರುವಾಗ ಓದು.

ಯುರೋಪಿನ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೂವತ್ತೆರಡು ಅಂಗಿಗಳ ಕತ್ತಿನ ಪಟ್ಟಿಯ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಸಿಕ್ಕಿವೆ. ಎಲ್ಲವೂ ಏಳನೇ ಬಂಡಲಿನವು. ಫೋಟೋ ಕಳಿಸಿದ್ದಾರೆ. ರಕ್ತವೇ, ವಿಷದ ಬಣ್ಣವೇ ಎಂದು ಕೇಳಿದ್ದಾರೆ. ಕೂಸು ಬಾಯಿಗಿಡುವ ಬಟ್ಟೆ, ಹುಡುಗಾಟವಲ್ಲ. ಒಂಬತ್ತು ಸಾವಿರ ಅಂಗಿಗಳನ್ನೂ ತಡೆದಿದ್ದಾರೆ.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಿನಗೂ ಗೊತ್ತಾಗಿರುತ್ತದೆ. ಕುಂಕುಮ ಉದುರಿ ಎಣ್ಣೆಗೆ ಬಿದ್ದು, ಎಣ್ಣೆ ಸೂಜಿಯ ಜೊತೆ ಇಳಿದಿದೆ. ಆ ಭಾನುವಾರ ಆ ಬಂಡಲನ್ನು ಪಾಸ್ ಮಾಡಿದವಳೂ ನಾನೇ. ಲಾರಿ ಹೊರಗೆ ಹಾರನ್ ಹಾಕುತ್ತಿತ್ತು, ಮೇಲಿನ ನಾಲ್ಕು ಪೀಸು ನೋಡಿ ಸಹಿ ಹಾಕಿದೆ.

ಏನದು, ಎಲ್ಲಿಂದ ಬಂತು ಎಂದು ಹದಿನೈದು ದಿನದಲ್ಲಿ ವರದಿ ಕೊಡಬೇಕು. ಬರೆಯಬೇಕಾದವಳು ನಾನು. ನಾನು ಅಲ್ಲಿಗೆ ಬಂದಿದ್ದೆನೆಂದು ಯಾರು ಕೇಳಿದರೂ ಹೇಳಬೇಡ. ಹೊಂಬಾಳಮ್ಮನಿಗೂ ಹೇಳಿಡು.

ಶೋ


ಮಳವಳ್ಳಿ
೨೫ ನವೆಂಬರ್ ೨೦೨೪

ಶೋಭಿ,

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ತಲೆ ಓಡಿತು. ಹೇಳುತ್ತೇನೆ ಕೇಳು.

ಕುಂಕುಮ ಎಂದು ಬರೆ. ರಕ್ತವಲ್ಲ, ವಿಷವಲ್ಲ, ಕುಂಕುಮ ಎಂದು ಬರೆ. ನೀನು ಹಚ್ಚಿದ್ದು ಎಂದು ಬರೆಯಬೇಡ. ಹನ್ನೊಂದನೇ ಯೂನಿಟ್ಟಿನ ಯಜಮಾನಿ ಪೂಜೆ ಮಾಡಿ ತಾನೇ ಹಚ್ಚಿದಳು, ಒರೆಸದೆ ಹೊಲಿಸಿದಳು, ತಪ್ಪು ಅವಳದು ಎಂದು ಬರೆ. ನಮ್ಮ ಮನೆಯಲ್ಲಿ ಕುಂಕುಮದ ಬಟ್ಟಲೇ ಇಲ್ಲವೆಂಬುದು ಆ ದೇಶದವರಿಗೆ ಏನು ಗೊತ್ತು? ಒರೆಸದಿದ್ದ ತಪ್ಪು ಹೇಗೂ ನನ್ನದೇ. ಏನೆಂದು ಗೊತ್ತಾದರೆ ಪರೀಕ್ಷೆಗೆ ಕಳಿಸುತ್ತಾರೆ, ಆ ಮೂವತ್ತೆರಡನ್ನು ಎಸೆದು ಉಳಿದದ್ದನ್ನು ನೋಡಿ ಬಿಡಬಹುದು. ನಮಗೆ ಒಂದು ಎಚ್ಚರಿಕೆ ಕೊಟ್ಟು ಕೆಲಸ ಮುಂದುವರಿಸಬಹುದು. ಏನೆಂದೇ ಗೊತ್ತಿಲ್ಲವೆಂದರೆ ಯಾರು ತಾನೇ ತಮ್ಮ ಕೂಸಿಗೆ ತೊಡಿಸುತ್ತಾರೆ? ನಾನಾದರೂ ತೊಡಿಸುವುದಿಲ್ಲ.

ಮಾವನಿಗೆ ಎಲ್ಲ ಹೇಳಿದೆ. ಪೂಜೆ ಮಾಡಿದೆನೆಂದು ಸುಳ್ಳು ಬರೆಸುತ್ತೇನೆಂದಾಗ ಬೈಯುತ್ತಾರೆ ಅಂದುಕೊಂಡೆ. ನಮ್ಮ ಮಾವ ಕೆಂಪಸಿದ್ದಯ್ಯನವರು ಬೈಯದೆ, “ಬಣ್ಣ ಯಾವ್ದು ಅಂತ ಕೇಳ್ತಾವ್ರೆ. ವಲ್ದೋರ್ ಯಾರು ಅಂತ ಒಬ್ರೂ ಕೇಳ್ನಿಲ್ವಾ ಮಗ?” ಎಂದರು.

ಹೆಂಗಸರಿಗೆ ಇನ್ನೂ ಹೇಳಿಲ್ಲ, ಹೇಳಿದರೂ ನಿನ್ನ ಹೆಸರು ಎತ್ತುವುದಿಲ್ಲ, ಮಾತು ಕೊಡುತ್ತೇನೆ. ಊರು ಬಿಡದೆ, ನಾಲ್ಕು ಗಂಟೆಗೆದ್ದು ಬಸ್ಸಿಗೆ ಓಡದೆ, ಮಧ್ಯಾಹ್ನ ಮನೆಗೆ ಹೋಗಿ ಬಿಸಿಮುದ್ದೆ ತಿಂದು ಬರುವ ಕೆಲಸ ಇವರಿಗೆ ಇನ್ನೆಲ್ಲಿ ಸಿಗುತ್ತದೆ? ಅದನ್ನು ಉಳಿಸುವುದು ಈಗ ನಿನ್ನ ಕೈಯಲ್ಲಿದೆ. ಒಂದೇ ಒಂದು ಪದ, ಶೋಭಿ.

ಶಶಿ


ಮಳವಳ್ಳಿ
೧೯ ಡಿಸೆಂಬರ್ ೨೦೨೪

ಶೋಭಿ,

ಏಳನೇ ಬಂಡಲು ನಾಲ್ಕು ಸಲ ಬಂತು, ನಾಲ್ಕು ಸಲವೂ ಒಳಗೆ ಬರೀ ಬಟ್ಟೆ. ಈ ವಾರ ಏಳನೇ ಬಂಡಲೇ ಇಲ್ಲ. ಬಂದದ್ದು ಮೂರು. ಹದಿನೆಂಟು ಮಿಷನ್ನಿಗೆ ಮೂರು ಬಂಡಲು, ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೆಂಗಸರು ಬಂದು ಸೊಪ್ಪು ಸೋಸಿಕೊಂಡು ಕೂರುತ್ತಾರೆ. ಯಾರೂ ನನ್ನನ್ನು ಕೇಳುತ್ತಿಲ್ಲ, ಅದೇ ನನಗೆ ಹೆದರಿಕೆ.

ಇದನ್ನು ಮೂರನೇ ಬಂಡಲಿನಲ್ಲಿ ಇಡುತ್ತಿದ್ದೇನೆ. ಯಾರು ಬಿಚ್ಚುತ್ತಾರೋ ಬಿಚ್ಚಲಿ. ಏನು ಬರೆದೆ ಹೇಳು.

ಶಶಿ


ಮದ್ದೂರು
೮ ಜನವರಿ ೨೦೨೫

ಶಶಿ,

ಬರೆಯಲಿಲ್ಲ.

ನೀನು ಹೇಳಿದ ಹಾಗೇ ಬರೆದುಕೊಂಡು ಸಂತೋಷ್ ಸರ್ ಹತ್ತಿರ ಹೋಗಿದ್ದೆ. ಕುಂಕುಮ, ಹನ್ನೊಂದನೇ ಯೂನಿಟ್ಟಿನದು ಎಂದು. ಅವರು ಓದಿ, ಬಾಗಿಲು ಹಾಕಿ, “ಯಾವ ಹನ್ನೊಂದು?” ಎಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ಅಲ್ಲಿಯ ಕಂಪನಿಗೆ ನಾವು ಎಲ್ಲ ಅಂಗಿಗಳನ್ನೂ ಈ ಕಟ್ಟಡದಲ್ಲೇ ಹೊಲಿಯುತ್ತೇವೆಂದು ಬರೆದುಕೊಟ್ಟಿದ್ದೇವಂತೆ. ಹೊರಗಿನ ಯೂನಿಟ್ ಎಂಬುದು ಅವರ ಪಾಲಿಗೆ ಇಲ್ಲವೇ ಇಲ್ಲ. ಕುಂಕುಮ ಎಂದರೆ ಯಾರ ಮಿಷನ್ನು ಎನ್ನುತ್ತಾರೆ, ಯಾರ ಮಿಷನ್ನು ಎಂದರೆ ನೀವಿರುವುದು ಬಯಲಾಗುತ್ತದೆ, ಅದು ಬಯಲಾದರೆ ಇಲ್ಲಿಯ ಆರುನೂರು ಜನರ ಆರ್ಡರೂ ಹೋಗುತ್ತದೆ. “ಗೊತ್ತಿಲ್ಲ ಅಂತ ಬರ್ದ್ಬುಡಿ ಮೇಡಂ. ಗೊತ್ತಿಲ್ಲ ಅನ್ನೋದು ತಪ್ಪಲ್ಲ” ಎಂದರು.

ಇನ್ನೊಂದು ಮಾತನ್ನೂ ಕೇಳಿದರು. ಕುಂಕುಮ ಎಂದು ನಿಮಗೆ ಹೇಗೆ ಗೊತ್ತು? ಆಗ ನಾನು ಬರೆದದ್ದನ್ನು ಮಡಿಸಿ ವಾಪಸ್ ತೆಗೆದುಕೊಂಡೆ. ಆರುನೂರು ಜನಕ್ಕಾಗಿ ಎಂದು ನಿನಗೆ ಬರೆಯಬಹುದು. ಸುಳ್ಳಾಗುತ್ತದೆ. ನನಗೆ ನನ್ನ ಕೆಲಸದ ಭಯ.

‘ಮೂಲ ಗೊತ್ತಾಗದ ಕೆಂಪು ಬಣ್ಣ’ ಎಂದು ಬರೆದು ಸಹಿ ಹಾಕಿದೆ. ಒಂಬತ್ತು ಸಾವಿರ ಅಂಗಿಗಳನ್ನೂ ಅಲ್ಲೇ ಸುಟ್ಟರಂತೆ. ಇಲ್ಲಿ ಇದೊಂದು ಬಂಡಲು ಬಿಟ್ಟು ಹನ್ನೊಂದಕ್ಕೆ ಇನ್ನು ಬಟ್ಟೆ ಕಳಿಸಬೇಡಿ ಎಂದು ಬಾಯಿಮಾತಿನಲ್ಲೇ ಹೇಳಿದ್ದಾರೆ. ಬರೆಯಲಿಲ್ಲ, ಬರೆದರೆ ಹನ್ನೊಂದು ಇತ್ತು ಎಂದಾಗುತ್ತದೆ.

ನಿನ್ನ ಕಾಗದಗಳನ್ನು ಸುಟ್ಟಿಲ್ಲ. ಅದೊಂದು ಮಾತ್ರ ಮಾಡಲಿಲ್ಲ.

ಶೋಭಿತಾ


ಮಳವಳ್ಳಿ
೩೦ ಜನವರಿ ೨೦೨೫

ಶೋಭಿತಾ,

ಮೂಲ ಗೊತ್ತಾಗದ ಕೆಂಪು. ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ನೀನು, ಉಂಗುರದ ಬೆರಳಿನಲ್ಲಿ ತೆಗೆದು ಹಚ್ಚಿದವಳು ನೀನು, ಗೊತ್ತಿಲ್ಲವೆಂದು ಸಹಿ ಹಾಕಿದವಳೂ ನೀನು. ನಿನ್ನ ಕೈಗೇ ನಿನ್ನ ಬೆರಳಿನ ಗುರುತಿಲ್ಲವಾಯಿತು.

ಶಿವರಾಮು ಮಂಡ್ಯದ ವಕೀಲ ವೆಂಕಟರಾಮಯ್ಯನವರ ಹತ್ತಿರ ಹೋಗಿದ್ದರು, ನಾನೂ ಹೋಗಿದ್ದೆ. ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಹಾಕಿ ಎಲ್ಲ ಚೀಟಿಗಳನ್ನೂ ಓದಿದರು. ಎಲ್ಲದರ ಮೇಲೂ ಹನ್ನೊಂದು, ಹನ್ನೊಂದು, ಹನ್ನೊಂದು. “ನೀವೇ ಹನ್ನೊಂದು ಅನ್ನೋದಕ್ಕೆ ಏನಿದೆಯಮ್ಮ ಕಾಗದ?” ಎಂದರು. ನನ್ನ ಕೈಗಳಿವೆ ಎಂದೆ. ಅವರು ನಗಲಿಲ್ಲ, ಟೀ ತರಿಸಿದರು.

ಬೆಳಿಗ್ಗೆ ಹೆಂಗಸರನ್ನು ಕೂರಿಸಿ ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ. ಹೊಂಬಾಳಮ್ಮ ಎದ್ದು ಬಂದು ನನ್ನ ಕಾಲ ಹತ್ತಿರ ಕೂತು, “ನಾನ್ ಒರ್ಸಿದ್ರೆ ಆಗದು ಕಣವ್ವ. ರಂಡೆಮುಂಡೆಗೆ ಯಾಕ್ ಬೇಕಿತ್ತು ಸಾಸ್ತ್ರ, ನಾನ್ ಒರ್ಸಿದ್ರೆ ಆಗದು” ಎಂದು ಅಂದದ್ದನ್ನೇ ಅಂದಳು. ಹತ್ತೊಂಬತ್ತು ಜನರ ಅನ್ನ ಹೋದದ್ದು ತನ್ನಿಂದ ಎಂದು ಅವಳು ನಂಬಿದ್ದಾಳೆ. ಅಲ್ಲ ಎಂದು ಹೇಳಬೇಕಾದರೆ, ಅವತ್ತು ಬಂದು ಹಚ್ಚಿದವಳೇ ಕಂಪನಿಯ ಚೆಕ್ಕಿಂಗ್‌ನವಳು, ಗೊತ್ತಿಲ್ಲವೆಂದು ಸಹಿ ಹಾಕಿದವಳೂ ಅವಳೇ ಎಂದು ನಿನ್ನ ಹೆಸರು ಹೇಳಬೇಕು. ಮಾತು ಕೊಟ್ಟಿದ್ದೆ, ಹೇಳಲಿಲ್ಲ. ಇದಕ್ಕಾಗಿ ನಿನ್ನನ್ನು ಎಂದೂ ಕ್ಷಮಿಸುವುದಿಲ್ಲ, ನನ್ನನ್ನೂ.

ಇದು ಕೊನೆಯ ಬಂಡಲು, ಹೊಲಿಯದೆ ಉಳಿದ ಬಟ್ಟೆ. ಸಿದ್ದೇಶ್ ವಾಪಸ್ ಒಯ್ಯುತ್ತಾನೆ. ಇನ್ನು ಕಾಗದ ಇಡಲು ಜಾಗವೂ ಇಲ್ಲ.

ಶಶಿರೇಖಾ


ಕೊಕ್ಕರೆ ಬೆಳ್ಳೂರು
೧೨ ಮೇ ೨೦೨೫

ಶಶಿ,

ಇದು ಅಂಚೆಯಲ್ಲಿ ಬರುತ್ತಿದೆ. ಸ್ಟಾಂಪು ಹಚ್ಚಿ ಕಾಗದ ಹಾಕಿ ಎಷ್ಟು ವರ್ಷವಾಯಿತೋ.

ಗಾರ್ಮೆಂಟ್ಸ್‌ನ ಊಟದ ಹಾಲಿನ ಗೋಡೆಯ ಮೇಲೆ ಒಂದು ಪಟ ಇತ್ತಲ್ಲ, ಅನ್ಯಾಯವಾದರೆ ನೇರ ನಮಗೆ ಬರೆಯಿರಿ ಎಂದು ಅಲ್ಲಿಯ ಕಂಪನಿಯ ವಿಳಾಸವಿತ್ತು. ಹೊಂಬಾಳಮ್ಮನ ವಿಷಯ ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಫೆಬ್ರವರಿಯಲ್ಲಿ ಬರೆದೆ, ಮಗಳು ಮೇಧಾ ಇಂಗ್ಲಿಷ್ ಮಾಡಿಕೊಟ್ಟಳು. ಅದು ಕುಂಕುಮ, ಹಚ್ಚಿದವಳು ನಾನು, ಹೊಲಿದವರು ಇವರು ಎಂದು ಹತ್ತೊಂಬತ್ತು ಜನರ ಹೆಸರನ್ನೂ ಬರೆಸಿದೆ. ನಾಲ್ಕೈದು ಹೆಸರು ನೆನಪಿರಲಿಲ್ಲ, ಸಿದ್ದೇಶ್‌ನನ್ನು ಕೇಳಿ ತಿಳಿದುಕೊಂಡೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಮೂರೇ ಸಾಲು. ‘ತಾವು ತಿಳಿಸಿರುವ ಘಟಕ ನಮ್ಮ ಪೂರೈಕೆದಾರರ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಈ ದೂರನ್ನು ಮುಕ್ತಾಯ ಮಾಡಲಾಗಿದೆ. ತಮ್ಮ ಕಾಳಜಿಗೆ ಧನ್ಯವಾದ.’ ಅದರ ಒಂದು ಪ್ರತಿ ಸಂತೋಷ್ ಸರ್‌ಗೂ ಹೋಗಿತ್ತು. ಅಂದೇ ಮಧ್ಯಾಹ್ನ ನನ್ನನ್ನು ಗೇಟಿನ ಹೊರಗೆ ಬಿಟ್ಟರು. ಆ ಆರ್ಡರೂ ಈಗ ಮದ್ದೂರಿನಲ್ಲಿಲ್ಲ, ಬೇರೆ ಯಾವುದೋ ದೇಶಕ್ಕೆ ಹೋಯಿತಂತೆ. ನನ್ನ ಸುಳ್ಳು ಯಾರನ್ನೂ ಉಳಿಸಲಿಲ್ಲ. ನಿಜವೂ ಉಳಿಸಲಿಲ್ಲ.

ಅಮ್ಮನ ಮನೆಯಲ್ಲಿದ್ದೇನೆ. ಹುಣಸೆಮರದ ತುಂಬ ಕೊಕ್ಕರೆ, ಮರಿಗಳು ಹಾರುವಷ್ಟಾಗಿವೆ. ಇವು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ನಾನು ಏತಕ್ಕೆ ಬಂದೆನೆಂದು ಕೇಳುವುದಿಲ್ಲ.

ಹೊಂಬಾಳಮ್ಮನಿಗೆ ನನ್ನ ಹೆಸರು ಹೇಳಿಬಿಡು. ಏಳನೇ ಮಿಷನ್ನು ಇನ್ನೂ ಇದ್ದರೆ ನನಗೆ ಕೊಡು ಶಶಿ, ಬೇರೆ ಏನೂ ಕೇಳುವುದಿಲ್ಲ. ಇಲ್ಲಿ ಕೂತು ರವಿಕೆ ಹೊಲಿಯುತ್ತೇನೆ.

ಶೋಭಿ


ಮಳವಳ್ಳಿ
೩ ಜೂನ್ ೨೦೨೫

ಶೋಭಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಬೈಯೋಣವೆಂದು ಎರಡು ಸಲ ಪೆನ್ನು ಹಿಡಿದೆ. ಬೈಯಲೂ ಶಕ್ತಿ ಬೇಕು.

ಐದು ಜನ ಬಿಡದಿಯ ಕಡೆ ಫ್ಯಾಕ್ಟರಿಗೆ ಹೋಗುತ್ತಿದ್ದಾರೆ, ನಾಲ್ಕು ಗಂಟೆಗೆ ಏಳುತ್ತಾರೆ. ಉಳಿದವರು ಕಬ್ಬಿನ ಗದ್ದೆಗೆ. ಹೊಂಬಾಳಮ್ಮ ಹೊಳಲಿನಲ್ಲಿ ಅಣ್ಣನ ಮನೆ ಸೇರಿದ್ದಳು. ನಿನ್ನ ಹೆಸರು ಹೇಳೋಣವೆಂದು ಹೋದವಾರ ಹೋದೆ. ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಬುಡವ್ವ, ಯಾರ್ ಅಚ್ಚುದ್ರೇನು, ಒರೆಸ್ನಿಲ್ಲ ಅಲ್ವಾ ನಾನು” ಎಂದಳು. ಅದು ಅವಳೊಳಗೆ ಇಳಿದುಬಿಟ್ಟಿದೆ, ಈಗ ಯಾರು ತೆಗೆಯಬೇಕು?

ಮಿಷನ್ನು ಕೇಳಿದ್ದೀಯ. ನಿನ್ನ ಕಾಗದ ನಾಲ್ಕು ದಿನ ತಡವಾಯಿತು. ಮಂಡ್ಯದ ಗುಜರಿ ಅಂಕಯ್ಯ ಬಂದು ಹದಿನೆಂಟನ್ನೂ ಲಾರಿಗೆ ಹಾಕಿಸಿಕೊಂಡು ಹೋಗಿದ್ದ. ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಏಳನೆಯದರ ಹತ್ತಿರ ನಿಂತು, ಸೂಜಿಯ ತಲೆಯ ಮೇಲೆ ಉಗುರಿನಿಂದ ಕೆರೆದ. ಎಣ್ಣೆ ಕುಡಿದು ಗಟ್ಟಿಯಾಗಿತ್ತು, ಏಳಲಿಲ್ಲ.

“ಇದೇನವ್ವ ಕೆಂಪುಗದೆ? ತುಕ್ಕಾ?” ಎಂದ.

ಗೊತ್ತಿಲ್ಲ ಎಂದೆ.

ಶಶಿ